ಹಾಡಿಗೆ ಬಂದ ಬುತ್ತಿ

ಕೇಳುವವರಿಲ್ಲ ಎಂಬುದು ಹಾಡುವವರ ದೊಡ್ಡ ಕೊರಗು. ಸಂಗೀತಗಾರರು ನಾಲ್ಕು ಜನ ಸೇರಿದರೆ ಮೊದಲ ಚಹಾ ಬರುವುದರೊಳಗೆ ಈ ಮಾತು ಬಂದುಬಿಡುತ್ತದೆ. ನನಗೂ ಬಹಳ ವರ್ಷ ಈ ಕೊರಗಿತ್ತು, ಈಗಿಲ್ಲ. ನನ್ನ ಹಾಡು ಕಿವಿಗೆ ಬಿದ್ದದ್ದೇ ತಡ, ಓಣಿಯ ಜನ ಕೈಯಲ್ಲಿದ್ದ ಕೆಲಸ ಬಿಟ್ಟು, ಚಪ್ಪಲಿ ಹೊರಗೆ ಕಳಚಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಬ್ಬರ ಹಿಂದೊಬ್ಬರು ಮನೆಯೊಳಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ, ಕೇಳುವವರು ಇಲ್ಲದಿರುವುದರಲ್ಲೂ ಒಂದು ಸುಖವಿದೆ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಆ ಹಾಡು ಈಗ ಬಿಡುಗಡೆಯಾಗಿದೆ, ಹುಡುಕಿದರೆ ಸಿಗುತ್ತದೆ. ಹುಡುಕಿದವರು ಇನ್ನೂ ಕಡಿಮೆ. ನಾನು ಹೇಳಹೊರಟದ್ದು ಅದು ಬಿಡುಗಡೆಯಾಗುವ ಮುಂಚಿನ ಕಥೆ. ಇದರಲ್ಲಿ ನಗುವಂಥದ್ದು ಏನಾದರೂ ಇದ್ದರೆ ಅದು ನನಗೆ ಬಹಳ ತಡವಾಗಿ ಕಂಡಿತು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ವಾರವಿಡೀ ಹುಡುಗರಿಗೆ ಸದ್ದು ಮಾಡಬೇಡಿ ಎನ್ನುವುದು ನನ್ನ ಉದ್ಯೋಗ. ರವಿವಾರ ನಾನೇ ಸದ್ದು ಮಾಡುತ್ತೇನೆ. ಸದ್ದು ಎಂಬುದು ನಮ್ಮ ಅವ್ವನ ಶಬ್ದ, ನಾನು ಅದನ್ನು ರಾಕ್ ಸಂಗೀತ ಎನ್ನುತ್ತೇನೆ. ಅದರಲ್ಲೂ ನಾನು ಸ್ವತಂತ್ರ ರಾಕ್ ಸಂಗೀತಗಾರ. ಸ್ವತಂತ್ರ ಎಂದರೆ ಹಿಂದೆ ಕಂಪನಿ ಇಲ್ಲ, ಮುಂದೆ ಸಭೆ ಇಲ್ಲ, ಪಕ್ಕದಲ್ಲಿ ತಂಡವೂ ಇಲ್ಲ. ಒಂದು ಕಾಲಕ್ಕೆ ತಂಡ ಇತ್ತು. ಡ್ರಮ್ಸ್ ಬಾರಿಸುತ್ತಿದ್ದವನಿಗೆ ಸಿಂದಗಿಗೆ ವರ್ಗವಾಯಿತು. ಬೇಸ್ ಗಿಟಾರ್ ನುಡಿಸುತ್ತಿದ್ದವನು ಬಸವನ ಬಾಗೇವಾಡಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಿದ. ಇಬ್ಬರೂ ಮದುವೆಯಾಗಿ ಮೈಕೈ ತುಂಬಿಕೊಂಡು ಸುಖವಾಗಿದ್ದಾರೆ. ಎಲ್ಲಾದರೂ ಸಿಕ್ಕಾಗ ನಾನು ಹಳೆಯ ಹಾಡುಗಳ ಮಾತು ತೆಗೆದರೆ ಮಳೆಯ ಮಾತು ತೆಗೆಯುತ್ತಾರೆ. ಹಾಗಾಗಿ ನಾನು ಡ್ರಮ್ಸನ್ನು ಕಂಪ್ಯೂಟರಿನಲ್ಲಿ ಕೂಡಿಸುತ್ತೇನೆ, ಎರಡೂ ಗಿಟಾರುಗಳನ್ನು ನಾನೇ ನುಡಿಸುತ್ತೇನೆ, ಎಲ್ಲ ಮುಗಿದ ಮೇಲೆ ಅದರ ಮೇಲೆ ಹಾಡುತ್ತೇನೆ. ಒಬ್ಬನೇ ಬಿತ್ತಿ, ಒಬ್ಬನೇ ಕಳೆ ತೆಗೆದು, ಒಬ್ಬನೇ ರಾಶಿ ಮಾಡಿದ ಹಾಗೆ.

ಪೂರ್ತಿ ಒಬ್ಬನೇ ಎಂದರೆ ಸುಳ್ಳಾಗುತ್ತದೆ. ತಂಗಿ ಶೈಲಾ ಇದ್ದಳು. ನಾಲತವಾಡದ ಶಾಲೆಯೊಂದರಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವ್ವ, ಆಕೆ ಮತ್ತು ನಾನು. ನಾನು ಏನೇ ರೆಕಾರ್ಡ್ ಮಾಡಿದರೂ ಮೊದಲು ಕೇಳುತ್ತಿದ್ದವಳು ಶೈಲಾ. ಜೋಳದ ಚೀಲದ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿ, "ಅಣ್ಣಾ, ಎರಡನೇ ಸಲ ಹಾಡಿದ್ದು ಛಲೋ ಇತ್ತು. ಇದರಾಗ ನೀ ದೊಡ್ಡ ಮನಷ್ಯಾ ಆಗಾಕ ಹೊಂಟಿ" ಎನ್ನುತ್ತಿದ್ದಳು. ಆಕೆ ಹೇಳಿದ್ದು ಪ್ರತಿ ಸಲವೂ ಸರಿ ಇರುತ್ತಿತ್ತು ಎಂದು ನಾನು ಒಪ್ಪುವುದಿಲ್ಲ. ಆದರೆ ಆಕೆ ಬೇಡ ಎಂದ ಒಂದೂ ರೆಕಾರ್ಡಿಂಗ್ ಇದುವರೆಗೆ ಮನೆಯಿಂದ ಹೊರಗೆ ಹೋಗಿಲ್ಲ.

ಜೋಳದ ಚೀಲ ಎಂದೆನಲ್ಲ, ನಮ್ಮ ಮನೆಯ ಕಾಳಿನ ಕೋಣೆಯೇ ನನ್ನ ಸ್ಟುಡಿಯೋ. ಗೋಡೆ ದಪ್ಪ, ಕಿಟಕಿ ಒಂದೇ. ಗೋಡೆಗೆ ಬಡಿದ ದನಿ ತಿರುಗಿ ಮೈಕಿನೊಳಗೆ ನುಗ್ಗಬಾರದು ಎಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಸುತ್ತಲೂ ಇಳಿಬಿಟ್ಟಿದ್ದೆ. ಅವ್ವ, ಅಜ್ಜಿ, ಅಜ್ಜಿಯ ತಂಗಿ ಎಲ್ಲರೂ ಹಳೆಯ ಸೀರೆ ಅಂಗಿಗಳನ್ನು ಕೂಡಿಸಿ ಹೊಲಿದ ಕೌದಿಗಳವು. ಅವ್ವನಿಗೆ ಇದು ಸರಿಬರಲಿಲ್ಲ. "ಹೊಚ್ಚಿಕೊಳ್ಳೂ ಕೌದಿ ಗ್ವಾಡಿಗೆ ಜೋತ ಬಿಡ್ತಿ, ಗ್ವಾಡಿಗೇನ ಥಂಡಿ ಹತ್ತೇತೇನು?" ಎಂದಳು. ನಾನು ಶಬ್ದಶಾಸ್ತ್ರದ ಒಂದು ಪುಸ್ತಕದಿಂದ ವಿವರಿಸಿದೆ. ಅವ್ವ ಪೂರ್ತಿ ಕೇಳಿ, ಅದರಲ್ಲಿ ಒಳ್ಳೆಯದೊಂದನ್ನು ಆರಿಸಿ, ಮಡಚಿಕೊಂಡು ಒಳಗೆ ಹೋದಳು.

ಹೊಸ ಹಾಡಿನ ಹೆಸರು 'ಕೊನೆಯ ಬಸ್ಸು'. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಕಾಯುತ್ತಾನೆ, ಬಸ್ಸು ಬರುವುದಿಲ್ಲ. ಇಷ್ಟೇ ವಿಷಯ. ಬಸ್ಸು ಎಂದರೆ ಬರೀ ಬಸ್ಸಲ್ಲ ಎಂಬುದು ನನ್ನ ಮನಸ್ಸಿನಲ್ಲಿತ್ತು. ಕೊನೆಯ ಭಾಗದಲ್ಲಿ ಆ ಮನುಷ್ಯ ಸಹನೆ ಕಳೆದುಕೊಂಡು, ಎದೆ ಹರಿದು ಹೋಗುವ ಹಾಗೆ ಕೂಗುತ್ತಾನೆ. ಹಾಡಿನ ಜೀವವೆಲ್ಲ ಆ ಕೂಗಿನಲ್ಲಿತ್ತು. ಬಿಡುಗಡೆಯ ದಿನವನ್ನೂ ಗೊತ್ತುಮಾಡಿ ನನ್ನ ಕೇಳುಗರಿಗೆ ತಿಳಿಸಿದ್ದೆ. ಕೇಳುಗರು ಎಂದು ಬಹುವಚನ ಬಳಸಿದ್ದು ನನ್ನ ಸಮಾಧಾನಕ್ಕೆ.

ಆ ರವಿವಾರ ಸಂಜೆ ನಾಲ್ಕಕ್ಕೆ ಶೈಲಾಳನ್ನು ನೋಡಲು ಇಂಡಿ ತಾಲ್ಲೂಕಿನ ತಾಂಬಾದಿಂದ ಬೀಗರು ಬರುವವರಿದ್ದರು. ಹುಡುಗನ ಹೆಸರು ಈರಣ್ಣ, ನಿಂಬೆ ಸಸಿ ಬೆಳೆಸಿ ಮಾರುತ್ತಾನೆ. ಆಕೆಗೆ ಅಲ್ಲಿಯವರೆಗೆ ಬಂದ ಗಂಡುಗಳ ಕಥೆಯೇ ಒಂದು ಪುರಾಣ. ಒಬ್ಬನಿಗೆ ನೌಕರಿ ಬಿಡುವ ಹುಡುಗಿ ಬೇಕಾಗಿತ್ತು. ಇನ್ನೊಬ್ಬನ ತಾಯಿ ಎದುರಿಗೇ ಕೂತು ಶೈಲಾಳ ಬಣ್ಣವನ್ನು ತನ್ನ ಕೈಬಣ್ಣದ ಜೊತೆ ಹೋಲಿಸಿ ನೋಡಿದಳು. ಮತ್ತೊಬ್ಬ ಒಳ್ಳೆಯವನಿದ್ದ, ಆದರೆ ಅವನು ಬಂದದ್ದು ಅವನ ಅಪ್ಪನ ಒತ್ತಾಯಕ್ಕೆ ಎಂದು ಶೈಲಾಳಿಗೇ ಹೇಳಿ ಹೋದ. ಈರಣ್ಣ ಮೊದಲೇ ಫೋನಿನಲ್ಲಿ ಮಾತಾಡಿದ್ದ. ನೌಕರಿ ಬಿಡಬೇಕಿಲ್ಲ, ವರ್ಗ ಸಿಗುವ ತನಕ ನೀವು ತವರಲ್ಲೇ ಇರಿ, ಹೋಗಿಬಂದು ಮಾಡೋಣ ಎಂದಿದ್ದ. ಆಮೇಲೂ ಮಾತಾಡಿದ್ದ. ಫೋನ್ ಇಟ್ಟ ಮೇಲೂ ಶೈಲಾ ಸ್ವಲ್ಪ ಹೊತ್ತು ನಗುತ್ತಲೇ ಇರುವುದನ್ನು ನಾನು ನೋಡಿದ್ದೆ. ಇದು ಕೂಡಬೇಕು ಎಂದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಆಕೆಗೇ ಇತ್ತು. ತಂಗಿಯದಾದ ಮೇಲೆ ಅಣ್ಣನದು ಎಂಬುದು ನಮ್ಮಲ್ಲಿ ಪದ್ಧತಿ. ಆದರೆ ಗಿಟಾರ್ ಹಿಡಿದು ತಲೆ ನರೆಯತೊಡಗಿದವನಿಗೆ ಕನ್ಯೆ ಕೊಡುವ ಪದ್ಧತಿ ಎಲ್ಲಿಯೂ ಇಲ್ಲದ ಕಾರಣ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಸಂಜೆ ನಾಲ್ಕಕ್ಕೆ ಬೀಗರು ಎಂದ ಮೇಲೆ ಬೆಳಗಿನ ಹೊತ್ತು ನನ್ನದಾಯಿತು. ಅವ್ವ ಅಡುಗೆಮನೆಯಲ್ಲಿ ಶಿರಾಕ್ಕೆ ರವೆ ಹುರಿಯುತ್ತಿದ್ದಳು. ಶೈಲಾ ಮಾಳಿಗೆಯ ಮೇಲೆ ತಲೆ ಒಣಗಿಸುತ್ತಿದ್ದಳು. ನಾನು ಕಾಳಿನ ಕೋಣೆಯ ಬಾಗಿಲು ಹಾಕಿ, ಹೆಡ್‌ಫೋನ್ ಏರಿಸಿ, ಕೊನೆಯ ಭಾಗದ ಆ ಕೂಗನ್ನು ಹಾಡತೊಡಗಿದೆ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೀಗೆ ಹಾಡುವಾಗ ಡ್ರಮ್ಸು, ಗಿಟಾರು ಎಲ್ಲ ಹಾಡುವವನ ಕಿವಿಯೊಳಗಷ್ಟೇ ಕೇಳುತ್ತವೆ. ಹೊರಗಿದ್ದವರಿಗೆ ಕೇಳುವುದು ಬರೀ ದನಿ. ನನ್ನ ಪಾಲಿಗೆ ಸಾವಿರ ಜನರ ಮುಂದೆ ದೊಡ್ಡ ತಂಡದೊಂದಿಗೆ ಹಾಡುತ್ತಿದ್ದೇನೆ. ಓಣಿಯ ಪಾಲಿಗೆ ಮುಚ್ಚಿದ ಕೋಣೆಯೊಳಗೆ ಒಬ್ಬ ಗಂಡಸು ಒಬ್ಬನೇ ಕೂಗಿಕೊಳ್ಳುತ್ತಿದ್ದಾನೆ. ಕೌದಿಗಳು ಮಾತಿನ ಅಕ್ಷರಗಳನ್ನೆಲ್ಲ ಹಿಡಿದಿಟ್ಟುಕೊಂಡು, ದನಿಯ ಏರಿಳಿತವನ್ನಷ್ಟೇ ಹೊರಗೆ ಬಿಟ್ಟಿದ್ದವು.

ನಮ್ಮ ಕಡೆ ಹಾಡು ಎಂದರೆ ಗುಂಪು. ಭಜನೆಗೆ ತಾಳ ದಮ್ಮಡಿ ಬೇಕು, ಡೊಳ್ಳಿನ ಹಾಡಿಕೆಗೆ ಡೊಳ್ಳು ಬೇಕು, ಮೊಹರಮ್ಮಿನ ಪದಕ್ಕೆ ಕೈಕೈ ಹಿಡಿದು ಹೆಜ್ಜೆ ಹಾಕುವ ಹತ್ತಾರು ಜನ ಬೇಕು. ಒಬ್ಬರು ಎತ್ತಿದರೆ ಇನ್ನುಳಿದವರು ಹಿಡಿದುಕೊಳ್ಳುತ್ತಾರೆ. ಹಿಮ್ಮೇಳವಿಲ್ಲದೆ, ತಾಳವಿಲ್ಲದೆ, ಒಬ್ಬರೇ ರಾಗವಾಗಿ ದನಿ ಎತ್ತುವುದು ಒಂದೇ ಸಂದರ್ಭದಲ್ಲಿ. ಸತ್ತವರ ಮುಂದೆ ಕೂತಾಗ. ಅದನ್ನು ಹಾಡ್ಯಾಡಿ ಅಳುವುದು ಎನ್ನುತ್ತಾರೆ. ಓಣಿಯ ಹಿರಿಯ ಹೆಂಗಸರಿಗೆ ದೂರದಿಂದಲೇ ಅದರ ಗುರುತು ಹತ್ತುತ್ತದೆ. ಹಾಗಾಗಿ ಆ ದಿನ ಅವರು ಯಾರೂ ಅನುಮಾನಪಡಲಿಲ್ಲ.

ಬಾಗಿಲನ್ನು ಒದ್ದ ಸದ್ದು ಕೇಳಿ ನಾನು ಹೆಡ್‌ಫೋನ್ ತೆಗೆದೆ. ಶೈಲಾ ನಿಂತಿದ್ದಳು, ಒದ್ದೆ ಕೂದಲು ಹಾಗೇ ಬಿಟ್ಟುಕೊಂಡು. ಆಕೆಯ ಹಿಂದೆ ಪಡಸಾಲೆಯಲ್ಲಿ ಎದುರುಮನೆಯ ಹುಸೇನಬಿ ಅತ್ತಿ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ನಿಂತಿದ್ದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಬುತ್ತಿ ತರಬೇಕು. ಮಧ್ಯಾಹ್ನಕ್ಕೆಂದು ಬಡಿದಿಟ್ಟ ತನ್ನ ಮನೆಯ ರೊಟ್ಟಿಯನ್ನೆಲ್ಲ ಜುಣಕದ ಜೊತೆ ತಂದಿದ್ದಳು. ಹಿಂದೆ ಇನ್ನೂ ಮೂರು ನಾಲ್ಕು ಜನ ಗೋಡೆಗೆ ಒರಗಿ ಕೂತಾಗಿತ್ತು. ಒಬ್ಬಳು ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ಯಾರು ಹೋದರು ಎಂಬುದು ಗೊತ್ತಿಲ್ಲದಿದ್ದರೂ ಅಷ್ಟು ಮಟ್ಟಿಗೆ ಅತ್ತುಬಿಡುವುದು ನಮ್ಮ ಓಣಿಯ ಸಂಸ್ಕಾರ.

"ಯಾರ್ ಹ್ವಾದ್ರಕ್ಕಾ?" ಎಂದು ಹುಸೇನಬಿ ಅತ್ತಿ ಮೆಲ್ಲಗೆ ಅವ್ವನನ್ನು ಕೇಳಿದಳು. ಅವ್ವ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಕೆಯ ಹಿಂದಿನಿಂದ ತುಪ್ಪದಲ್ಲಿ ಹುರಿದ ರವೆಯ ವಾಸನೆ ಬರುತ್ತಿತ್ತು. ಹುಸೇನಬಿ ಅತ್ತಿ ಆ ವಾಸನೆಯನ್ನೊಮ್ಮೆ ಎಳೆದುಕೊಂಡು, ಅವ್ವನ ಮುಖವನ್ನೊಮ್ಮೆ ನೋಡಿದಳು. ಹೆಣ ಇಟ್ಟುಕೊಂಡು ಶಿರಾ ಮಾಡುವ ಮನೆತನವನ್ನು ಆಕೆ ಅಲ್ಲಿಯವರೆಗೆ ಕಂಡಿರಲಿಲ್ಲ.

"ಯಾರೂ ಹೋಗಿಲ್ಲವ್ವ. ನಮ್ಮ ಮಲ್ಲೂ ಹಾಡಾಕತ್ತಿದ್ದ" ಎಂದಳು ಅವ್ವ. ಇಷ್ಟು ನಾಚಿಕೆಯಿಂದ ಆಕೆ ನನ್ನ ಹೆಸರು ಹೇಳಿದ್ದು ನಾನು ಕೇಳಿರಲಿಲ್ಲ. ಹುಸೇನಬಿ ಅತ್ತಿ ನನ್ನ ಕಡೆ ನೋಡಿ, "ಹಾಡು ಅಂದ್ರ ಹಿಂಗ?" ಎಂದಳು. ಬುತ್ತಿಯನ್ನು ವಾಪಸು ಒಯ್ಯಲಿಲ್ಲ. ಸಾವಿನ ಮನೆಗೆಂದು ಹೊರಟ ಬುತ್ತಿ ತಿರುಗಿ ಮನೆಗೆ ಹೋಗಬಾರದಂತೆ.

ಶೈಲಾ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. "ಅಣ್ಣಾ, ಅವರು ಬಂದಿದ್ರು. ಬಂದು ಹ್ವಾದ್ರು" ಎಂದಳು. ಬೀಗರು ಬಾಗೇವಾಡಿಯಲ್ಲಿ ತಮ್ಮ ಸಂಬಂಧಿಕರ ಮನೆಯಲ್ಲಿ ಊಟ ಮುಗಿಸಿ ಬರಬೇಕಿತ್ತು. ಆ ಸಂಬಂಧಿಕರು ಊರಲ್ಲಿಲ್ಲದ ಕಾರಣ ನೇರ ನಮ್ಮಲ್ಲಿಗೇ ಬಂದುಬಿಟ್ಟಿದ್ದರು. ಓಣಿಯ ಬಾಯಿಗೆ ಜೀಪು ನಿಂತದ್ದು, ಹಿರಿಯರೊಬ್ಬರು ಇಳಿದು ಕಿವಿಗೊಟ್ಟು ಕೇಳಿದ್ದು, ಹಿಟ್ಟಿನ ಗಿರಣಿಯವನನ್ನು ಏನೋ ವಿಚಾರಿಸಿದ್ದು, ತಲೆಯ ಟೊಪ್ಪಿಗೆ ತೆಗೆದು ಒಂದು ಗಳಿಗೆ ನಿಂತದ್ದು, ಜೀಪು ಸದ್ದಿಲ್ಲದೆ ಹಿಂದೆ ಸರಿದದ್ದು ಎಲ್ಲವನ್ನೂ ಆಕೆ ಮಾಳಿಗೆಯಿಂದ ನೋಡಿದ್ದಳು. ಹಣ್ಣು, ಕುಬಸ, ಸಕ್ಕರೆ ಹಿಡಿದುಕೊಂಡು ಸಾವಿನ ಮನೆಗೆ ಕಾಲಿಡುವುದು ಹೇಗೆ? ಅವರು ಮಾಡಿದ್ದು ಮರ್ಯಾದಸ್ಥರು ಮಾಡುವ ಕೆಲಸವೇ. ಗಿರಣಿಯವನನ್ನು ನಾನು ಆಮೇಲೆ ಕೇಳಿದೆ. "ಯಾರಂತ ಗೊತ್ತಿಲ್ರಿ, ಈಗ ಸುರು ಆಗೇತಿ ಅಂದೆ" ಎಂದ.

ಮಧ್ಯಾಹ್ನ ತಾಂಬಾದಿಂದ ಫೋನ್ ಬಂತು. ಹುಡುಗನ ಅಪ್ಪ ಶಿವಪ್ಪನವರು. ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. ಆಕೆಯ ತಲೆಯಲ್ಲಿ ಅಷ್ಟು ಹೊತ್ತಿಗೆ ಲೆಕ್ಕ ನಡೆದಿತ್ತು. ಮನೆಯಲ್ಲಿ ಸಾವಾಗಿದೆ ಎಂದರೆ ಜನ ಕನಿಕರ ತೋರಿಸುತ್ತಾರೆ. ಹುಡುಗಿಯ ಅಣ್ಣ ಕೋಣೆ ಮುಚ್ಚಿಕೊಂಡು ಹೀಗೆ ಕೂಗುತ್ತಾನೆ ಎಂದರೆ ಮನೆತನಕ್ಕೇ ಏನೋ ಐಬಿದೆ ಎನ್ನುತ್ತಾರೆ. ಹಾಗಾಗಿ ತಾಳಿಕೋಟೆಯ ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಈ ಬೆಳಿಗ್ಗೆ ತೀರಿಕೊಂಡಳು ಎಂದು ಹೇಳಿಬಿಟ್ಟಳು. ದೊಡ್ಡವ್ವ ತೀರಿಕೊಂಡದ್ದು ನಾನು ಕಾಲೇಜು ಓದುವಾಗ. ನಾನು ಸನ್ನೆ ಮಾಡಿದೆ. ಅವ್ವ ಫೋನಿಗೆ ಕೈ ಅಡ್ಡ ಇಟ್ಟು, "ಹ್ವಾದಾಕಿ ಹ್ವಾದಳು. ಇನ್ನೊಮ್ಮೆ ಹೋದ್ರ ಆಕಿಗೇನ ತ್ರಾಸು?" ಎಂದಳು.

ಅವ್ವ ಸ್ವಲ್ಪ ದೂರದವರನ್ನು ಆರಿಸಬೇಕಿತ್ತು. ಶಿವಪ್ಪನವರು ಬಹಳ ಮರುಗಿ, ಮೂರನೇ ದಿನಕ್ಕೆ ಮಾತಾಡಿಸಲು, ಅಂದರೆ ಸಾವಿನ ಮನೆಯವರಿಗೆ ಸಮಾಧಾನ ಹೇಳಲು, ಬರುತ್ತೇವೆ ಎಂದರು. ಆಮೇಲೆ ದನಿ ಇಳಿಸಿ, "ಮನೆತನದ ಸಾವ್ರಿ ಅದು. ವರ್ಷ ತುಂಬೂತನಕ ಶುಭಕಾರ್ಯ ಮಾಡಾಕ ಬರೂದಿಲ್ಲ. ನಮ್ಮ ಹುಡುಗಗ ಈ ವರ್ಷಾನ ಆಗಬೇಕಂತ ನಮ್ಮ ಅವ್ವನ ಹಟ ಐತಿ. ಋಣ ಇದ್ದಂಗ ಆಕ್ಕೈತಿ, ನೋಡೂಣ್ರಿ" ಎಂದರು. ಫೋನಿನ ದನಿ ಇಡೀ ಪಡಸಾಲೆಗೆ ಕೇಳುತ್ತಿತ್ತು. ನೋಡೋಣ ಎಂಬುದರ ಅರ್ಥ ನಮಗೆಲ್ಲ ಗೊತ್ತಿತ್ತು. ಅವ್ವ ಕಂಬಕ್ಕೆ ಒರಗಿ ಕೂತುಬಿಟ್ಟಳು. ನನಗೆ ಆ ಕೋಣೆ, ಆ ಮೈಕು, ಆ ಹಾಡು ಎಲ್ಲದರ ಮೇಲೂ ಅಸಹ್ಯ ಹುಟ್ಟಿತು.

ಫೋನ್ ಎತ್ತಿಕೊಂಡವಳು ಶೈಲಾ. ಆಕೆ ಶಿವಪ್ಪನವರಿಗಲ್ಲ, ಈರಣ್ಣನಿಗೇ ಫೋನ್ ಹಚ್ಚಿದಳು, ನಮ್ಮಿಬ್ಬರ ಎದುರಿಗೇ. "ನೋಡ್ರಿ, ನಮ್ಮ ಮನ್ಯಾಗ ಯಾರೂ ಸತ್ತಿಲ್ಲ. ನಮ್ಮಣ್ಣ ಹಾಡಾಕತ್ತಿದ್ದ. ಅವನು ಹಾಡೂದಾ ಹಂಗ. ಇದನ್ನ ಕೇಳಿ ನಿಮಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ರಿ. ಸುಳ್ಳು ಹೆಣದ ಮ್ಯಾಲ ನಾ ಸಂಸಾರ ಮಾಡಾಕಿ ಅಲ್ಲ." ಇಷ್ಟು ಹೇಳಿ ಆಕೆ ಫೋನನ್ನು ಕಿವಿಗೆ ಒತ್ತಿಕೊಂಡಳು. ಈರಣ್ಣ ಏನು ಹೇಳಿದನೋ ನಮಗೆ ಕೇಳಲಿಲ್ಲ. ಶೈಲಾಳ ಮುಖ ಸಡಿಲಾದದ್ದು ಮಾತ್ರ ಕಂಡಿತು.

ಮುಂದಿನ ರವಿವಾರ ಅವರು ಹೇಳಿದ ಹೊತ್ತಿಗೇ ಬಂದರು. ಈರಣ್ಣ, ಶಿವಪ್ಪನವರು, ಅವರ ವಯಸ್ಸಾದ ತಾಯಿ. ಉಭಯಕುಶಲೋಪರಿ ಮುಗಿದ ಮೇಲೆ ಶಿವಪ್ಪನವರು ಗಂಟಲು ಸರಿಮಾಡಿಕೊಂಡು, "ಸರ್ರ, ಆ ಹಾಡ ಒಮ್ಮೆ ಹಚ್ರಿ, ಕೇಳೂಣು" ಎಂದರು. ನನ್ನ ಜೀವನದಲ್ಲಿ ಯಾರೂ ನನ್ನ ಹಾಡನ್ನು ಹೀಗೆ ಕೇಳಿ ಹಾಕಿಸಿಕೊಂಡಿರಲಿಲ್ಲ. ಇಷ್ಟು ಹೆದರುತ್ತ ನಾನೂ ಎಂದೂ ಹಾಡು ಹಾಕಿರಲಿಲ್ಲ. ಸ್ಪೀಕರಿನಲ್ಲಿ ಡ್ರಮ್ಸು ಗಿಟಾರು ಎಲ್ಲ ಸೇರಿ ಹಾಡು ಹೊರಟಿತು. ಅವರು ತಲೆ ತಗ್ಗಿಸಿ, ಕೈಕಟ್ಟಿ, ಮಾತಾಡಿಸಲು ಬಂದವರು ಕೂರುವ ರೀತಿಯಲ್ಲೇ ಕೂತು ಕೊನೆಯ ತನಕ ಕೇಳಿದರು. ಕೂಗು ಮುಗಿಯಿತು. ಮುದುಕಿ ನಿಧಾನವಾಗಿ ನನ್ನ ಕಡೆ ತಿರುಗಿ, "ಕಡೀಕ ಬಸ್ ಬಂತೇನಪಾ?" ಎಂದಳು.

"ಇಲ್ರಿ ಆಯಿ" ಎಂದೆ.

"ಪಾಪ" ಎಂದಳು. ಆ ಹಾಡಿಗೆ ಇದುವರೆಗೆ ಬಂದ ವಿಮರ್ಶೆಗಳಲ್ಲಿ ನಾನು ನೆನಪಿಟ್ಟುಕೊಂಡದ್ದು ಇದೊಂದನ್ನೇ.

ಶಿವಪ್ಪನವರು ತಮ್ಮ ಮಾತು ಹೇಳಿದರು. ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ. ಒಂದೇ ಮಾತು. "ಅಕ್ಕಿಕಾಳು ಬೀಳೂತನಕ ಈ ಹಾಡು ಹೊರಗ ಬರೂದು ಬ್ಯಾಡ್ರಿ. ಮನ್ಯಾಗೂ ಹಾಡಬ್ಯಾಡ್ರಿ. ಮದುವಿ ಮನ್ಯಾಗಿಂದ ಅಳೂ ದನಿ ಬಂದ್ರ ಮಂದಿ ಒಂದಕ್ಕೊಂದು ಹಚ್ಚಿ ಮಾತಾಡ್ತಾರ." ಚಹಾ ತಂದ ಶೈಲಾ ಟ್ರೇ ಕೆಳಗಿಡದೆಯೇ, "ಅದು ಆಗೂದಿಲ್ರಿ. ಅಣ್ಣ ಹೇಳಿದ ದಿನಾನಾ ಹಾಡು ಬರ್ತೈತಿ" ಎಂದಳು. ಆಕೆ ಇನ್ನೂ ಏನೋ ಹೇಳುವವಳಿದ್ದಳು. ನಾನು ನಡುವೆ ಬಾಯಿ ಹಾಕಿ, ಆಗಲಿ, ಹಾಗೇ ಆಗಲಿ ಎಂದುಬಿಟ್ಟೆ. ಯಾರಿಗೂ ತಲೆಬಾಗಿಸುವುದಿಲ್ಲ, ನನ್ನ ಹಾಡು ನನ್ನ ಇಷ್ಟ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ಸ್ವತಂತ್ರ ಸಂಗೀತಗಾರ ಚಹಾದ ಕಪ್ಪು ಆರುವ ಮೊದಲೇ ಕೈಯೆತ್ತಿದ. ಶೈಲಾ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟು ಇತ್ತು. ಸಿಟ್ಟು ಮಾತ್ರ ಇರಲಿಲ್ಲ.

ಬಿಡುಗಡೆ ಮುಂದಕ್ಕೆ ಹಾಕುವುದು ಸಣ್ಣ ಮಾತಲ್ಲ ಎಂದು ನಾನು ತಿಳಿದಿದ್ದೆ. ನನ್ನ ಪುಟದಲ್ಲಿ ಒಂದು ಉದ್ದನೆಯ ಪ್ರಕಟಣೆ ಬರೆದೆ. ಅನಿವಾರ್ಯ ಕೌಟುಂಬಿಕ ಕಾರಣ, ಕೇಳುಗರ ಕ್ಷಮೆ, ಕಲಾವಿದನ ನೋವು, ಎಲ್ಲ ಬಂದವು. ಬರೆದು ಮುಗಿಸಿದಾಗ ನನಗೇ ಕಣ್ಣು ತೇವವಾಗಿತ್ತು. ಜನ ಏನೆನ್ನುತ್ತಾರೋ ಎಂದು ಎರಡು ದಿನ ಹೆದರಿ ಫೋನ್ ನೋಡಲಿಲ್ಲ. ಆಮೇಲೆ ನೋಡಿದರೆ ಯಾರೋ ಒಬ್ಬರು ಹೂವಿನ ಚಿತ್ರ ಹಾಕಿ ಶುಭೋದಯ ಎಂದ ಹೊರತು ಜಗತ್ತು ಎಂದಿನಂತಿತ್ತು. ನಾನು ಮಾಡಿದ ತ್ಯಾಗವನ್ನು ತಿಳಿದವಳು ಒಬ್ಬಳೇ. ಆಕೆ ಮದುವೆಯ ಸೀರೆಗಳಿಗೆ ಫಾಲ್ ಹಚ್ಚಿಸುವ ಗಡಿಬಿಡಿಯಲ್ಲಿದ್ದಳು.

ಮದುವೆ ಮುದ್ದೇಬಿಹಾಳದಲ್ಲೇ ಆಯಿತು. ಅಕ್ಕಿಕಾಳು ಬಿದ್ದವು, ಊಟವಾಯಿತು, ಮಗಳನ್ನು ಕಳಿಸುವ ಹೊತ್ತು ಬಂತು. ಅವ್ವ ಅತ್ತಳು. ಹುಸೇನಬಿ ಅತ್ತಿ ಅವ್ವನಿಗಿಂತ ಹೆಚ್ಚು ಅತ್ತಳು. ನಾನು ಗಂಡಸಿನ ಕೆಲಸ ನೋಡಿಕೊಳ್ಳುತ್ತಿದ್ದೆ, ಅಂದರೆ ಜೀಪಿಗೆ ಸೂಟ್‌ಕೇಸ್ ಏರಿಸುವುದು, ಡ್ರೈವರನಿಗೆ ಸಿಂದಗಿಯ ಮೇಲೆ ಹೋಗು ಎಂದು ಅವನಿಗೆ ಗೊತ್ತಿದ್ದ ದಾರಿಯನ್ನೇ ಹೇಳುವುದು. ಗಂಭೀರವಾಗಿ ಇದ್ದುಬಿಡುತ್ತೇನೆ ಎಂದುಕೊಂಡಿದ್ದೆ. ಶೈಲಾ ಜೀಪು ಹತ್ತಿ ಕೂತು, ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದು, "ಅಣ್ಣಾ, ಹೊಸಾದು ಮಾಡಿದ್ರ ಮೊದಲ ನನಗ ಕಳಸು" ಎಂದಳು. ಜೀಪು ಅಲುಗಿತು, ಕೈ ಬಿಟ್ಟುಹೋಯಿತು. ಆಗ ನನ್ನೊಳಗಿನಿಂದ ಒಂದು ದನಿ ಹೊರಗೆ ಬಂತು. ನಾನು ತಡೆಯಲಿಲ್ಲ, ತಡೆಯಲು ಬರಲೂ ಇಲ್ಲ. ನೆರೆದವರೆಲ್ಲ ಅಳುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಡ್ರೈವರ್ ಬ್ರೇಕ್ ಹಾಕಿದ.

ಶಿವಪ್ಪನವರು ಮುಂದಿನ ಸೀಟಿನಿಂದ ಇಳಿದು ನನ್ನ ಹತ್ತಿರ ಬಂದರು. ಹೆಗಲ ಮೇಲೆ ಕೈ ಇಟ್ಟು, ಯಾರಿಗೂ ಕೇಳಿಸದ ಹಾಗೆ, ಬಹಳ ಮರ್ಯಾದೆಯಿಂದ, "ಸರ್ರ, ಅಕ್ಕಿಕಾಳು ಬಿದ್ದಾವು, ಇನ್ನ ನಮ್ಮದೇನೂ ಅಡ್ಡಿ ಇಲ್ಲ. ಆದ್ರ ಗಾಡಿ ಊರು ದಾಟಲಿ, ಆಮ್ಯಾಲ ಹಾಡ್ರಿ" ಎಂದರು.

ಇದು ಹಾಡಲ್ಲ ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು, ಆಕೆ ಜೀಪಿನಲ್ಲಿ ಕೂತಿದ್ದಳು. ನಾನು ಹೌದ್ರಿ ಎಂದು ಬಾಯಿ ಮುಚ್ಚಿಕೊಂಡೆ.